ರಸದಾನಿಗೆ ಹೊರಟ ಕಿಣ್ವ ಕೋಶದ ಹೊರಗೇಕೆ ಬೀಳುತ್ತದೆ?

ಪ್ರಶ್ನೆ: ನಾನು ಸಾಗರದ ಕಡೆಯವಳು, ಶಂಕರಘಟ್ಟದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಯೀಸ್ಟ್ ಕೋಶದಲ್ಲಿ ಪ್ರೊಟೀನುಗಳು ರಸದಾನಿಯನ್ನು (ವ್ಯಾಕ್ಯುವೋಲ್, ಕೋಶದೊಳಗೆ ಪ್ರೊಟೀನುಗಳು ಜೀರ್ಣವಾಗುವ ಚೀಲ) ಹೇಗೆ ತಲಪುತ್ತವೆ ಎಂಬ ವಿಷಯದ ಮೇಲೆ ಸೆಮಿನಾರ್ ಕೊಡಬೇಕಾಗಿದೆ. ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಕಿಣ್ವವು ವಿಪಿಎಸ್ (ರಸದಾನಿಗೆ ಪ್ರೊಟೀನು ವಿಂಗಡಿಸುವ) ಜೀನು ಕೆಟ್ಟ ಮ್ಯುಟೆಂಟ್ ತಳಿಗಳಲ್ಲಿ ರಸದಾನಿಗೆ ಹೋಗದೆ ಕೋಶದ ಹೊರಗೆ ಬೀಳುತ್ತದೆ ಎಂದು ಓದಿದೆ. ದಾರಿ ಕೆಟ್ಟಿದ್ದರೆ ಅದು ದಾರಿಯಲ್ಲೇ ನಿಲ್ಲಬೇಕಲ್ಲವೆ, ಹೊರಗೇಕೆ ಹೋಗುತ್ತದೆ? ವಿಪಿಎಸ್35 ಇಲ್ಲದ ತಳಿಯಲ್ಲಂತೂ ರಸದಾನಿ ನೋಡಲು ಸರಿಯಾಗಿಯೇ ಇರುತ್ತದಂತೆ, ಆದರೂ ಕಿಣ್ವ ಹೊರಗೇ ಹೋಗುತ್ತದೆ. ಒಂದು ಕಿಣ್ವವನ್ನು ಮುಟ್ಟಿಸಲು 40ಕ್ಕೂ ಹೆಚ್ಚು ಜೀನುಗಳು ಏಕೆ ಬೇಕು?

ಉತ್ತರ: ನಿಮ್ಮ ಮೂರು ಸಂಶಯಗಳ ಬೇರು ಒಂದೇ. ಕಿಣ್ವವು ಗಾಲ್ಗಿಯಿಂದ, ಅಂದರೆ ಪ್ರೊಟೀನುಗಳನ್ನು ವಿಂಗಡಿಸಿ ಕಳಿಸುವ ಪೊರೆಪದರಗಳಿಂದ, ರಸದಾನಿಗೆ ಹೋಗುವುದನ್ನು ನಾವು ಒಮ್ಮುಖದ ಪ್ರಯಾಣವೆಂದು ಕಲ್ಪಿಸಿಕೊಳ್ಳುತ್ತೇವೆ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಾಣದ ಗುರುತುಗಳೂ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಇರುತ್ತವೆ. ವಾಸ್ತವದಲ್ಲಿ ಕಿಣ್ವವನ್ನು ಕರೆದೊಯ್ಯುವ ಗ್ರಾಹಕ ಪ್ರೊಟೀನು ಮತ್ತೆ ಮತ್ತೆ ಹಿಂದಿರುಗಿ ಬರಬೇಕು, ಮತ್ತು ನೀವು ಎಣಿಸಿದ ಜೀನುಗಳಲ್ಲಿ ಬಹಳಷ್ಟು ಈ ಹೋಗಿಬರುವ ಚಕ್ರವನ್ನು ನಡೆಸುವುದಕ್ಕಾಗಿಯೇ ಇವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲಿನಿಂದ ನೋಡೋಣ.

ಕಾರ್ಬಾಕ್ಸಿಪೆಪ್ಟಿಡೇಸ್ ವೈ, ಅಂದರೆ ಪ್ರಯೋಗಾಲಯದ ರೂಢಿಯ ಮಾತಿನಲ್ಲಿ ಸಿಪಿವೈ, ರಸದಾನಿಯೊಳಗೆ ಪ್ರೊಟೀನುಗಳನ್ನು ತುದಿಯಿಂದ ಕತ್ತರಿಸುವ ಕಿಣ್ವ. ಅದು ತಯಾರಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಮೇಲೆ. ಒಳಸೇರುವಾಗ ಅದರ ಮುಂತುದಿಯ 20 ಅಮೈನೊ ಆಮ್ಲಗಳ ಸಂಕೇತಭಾಗ ಕತ್ತರಿಸಿಹೋಗುತ್ತದೆ, ನಾಲ್ಕು ಕಡೆ ಸಕ್ಕರೆಯ ಸರಪಳಿಗಳು ಅಂಟಿಕೊಳ್ಳುತ್ತವೆ. ಆಗ ಅದರ ತೂಕ ಸುಮಾರು 67 ಕಿಲೋಡಾಲ್ಟನ್, ಹೆಸರು ಪಿ1. ಗಾಲ್ಗಿಗೆ ಬಂದ ಮೇಲೆ ಆ ಸಕ್ಕರೆ ಸರಪಳಿಗಳು ಇನ್ನಷ್ಟು ಬೆಳೆದು 69 ಕಿಲೋಡಾಲ್ಟನ್ನಿನ ಪಿ2 ಆಗುತ್ತದೆ. ರಸದಾನಿಯನ್ನು ಸೇರಿದ ನಂತರವೇ ಅಲ್ಲಿನ ಪ್ರೊಟೀನೇಸ್ ಎ ಮತ್ತು ಪ್ರೊಟೀನೇಸ್ ಬಿ ಕಿಣ್ವಗಳು ಅದರ ಮುಂಭಾಗದ 91 ಅಮೈನೊ ಆಮ್ಲಗಳ ತುಂಡನ್ನು ಕತ್ತರಿಸಿ ಹಾಕುತ್ತವೆ, ಮತ್ತು 61 ಕಿಲೋಡಾಲ್ಟನ್ನಿನ ಪಕ್ವ ರೂಪ ಉಳಿಯುತ್ತದೆ. ಕಿಣ್ವವು ಎಲ್ಲಿಯವರೆಗೆ ಹೋಗಿದೆ ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ ಎನ್ನಬಹುದು. ಈ ಕ್ಷೇತ್ರಕ್ಕೆ ಇಷ್ಟು ದೊಡ್ಡ ಅನುಕೂಲ ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ; ಸೂಕ್ಷ್ಮದರ್ಶಕವೇ ಇಲ್ಲದೆ, ಪ್ರೊಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ಲಿನ ಮೇಲಿನ ಪಟ್ಟಿಯ ಎತ್ತರವನ್ನು ನೋಡಿ ಪ್ರೊಟೀನು ಕೋಶದ ಯಾವ ಕೋಣೆಯವರೆಗೆ ಬಂದಿತ್ತೆಂದು ಹೇಳಲು ಸಾಧ್ಯವಾದದ್ದು ಇದರಿಂದ.

ಈಗ ನಿಮ್ಮ ಮೊದಲ ಪ್ರಶ್ನೆ. ಗಾಲ್ಗಿಯ ಕೊನೆಯ ಭಾಗದಿಂದ ಎರಡು ಮುಖ್ಯ ಹಾದಿಗಳು ಕವಲೊಡೆಯುತ್ತವೆ: ಒಂದು ಕೋಶದ ಹೊರಪೊರೆಗೆ, ಇನ್ನೊಂದು ರಸದಾನಿಯ ಕಡೆಗೆ. ಹೊರಪೊರೆಗೆ ಹೋಗುವ ಕಿರುಚೀಲಗಳಿಗೆ ಕರಗಿದ ಸ್ಥಿತಿಯ ಪ್ರೊಟೀನು ಸೇರಲು ಯಾವ ವಿಶೇಷ ಗುರುತೂ ಬೇಕಾಗಿಲ್ಲ; ಗಾಲ್ಗಿಯ ದ್ರವದಲ್ಲಿ ಇದ್ದದ್ದು ದ್ರವದ ಜೊತೆಯಲ್ಲೇ ಸಾಗಿ ಹೊರಗೆ ಹೋಗುತ್ತದೆ. ರಸದಾನಿಗೆ ಹೋಗುವುದಕ್ಕೆ ಮಾತ್ರ ಗುರುತು ಬೇಕು, ಗುರುತನ್ನು ಹಿಡಿಯುವವರೂ ಬೇಕು. ಆದ್ದರಿಂದ ವಿಂಗಡಣೆ ಕೆಟ್ಟಾಗ ಸಿಪಿವೈ ನಿಲ್ಲುವುದಕ್ಕೆ ಅಲ್ಲಿ ಜಾಗವಿಲ್ಲ. ಗಾಲ್ಗಿ ಎಂಬುದು ನಿಂತ ಉಗ್ರಾಣವಲ್ಲ. ಅದರ ಪದರಗಳೇ ಮಾಗುತ್ತ ಮುಂದೆ ಸಾಗಿ ಕೊನೆಗೆ ಕಿರುಚೀಲಗಳಾಗಿ ಒಡೆದುಹೋಗುತ್ತವೆ. ಯಾರೂ ಹಿಡಿದುಕೊಳ್ಳದ ಸಿಪಿವೈ, ಪಿ2 ರೂಪದಲ್ಲಿಯೇ, ಹೊರಗೆ ಹೋಗಲೆಂದೇ ತಯಾರಾದ, ಸುಕ್ರೋಸ್ ಒಡೆಯುವ ಇನ್ವರ್ಟೇಸಿನಂಥ ಪ್ರೊಟೀನುಗಳ ಜೊತೆ ಹೊರಗೆ ಬೀಳುತ್ತದೆ.

ಇದು ಊಹೆಯಲ್ಲ. ಮ್ಯುಟೇಶನ್ ಇಲ್ಲದ ಆರೋಗ್ಯವಂತ ಯೀಸ್ಟಿನಲ್ಲಿಯೇ ಸಿಪಿವೈ ಜೀನಿನ ಪ್ರತಿಗಳನ್ನು ಪ್ಲಾಸ್ಮಿಡ್ ಮೂಲಕ ಹೆಚ್ಚಿಸಿದರೆ ಏನಾಗುತ್ತದೆಂದು 1986ರಲ್ಲಿ ನೋಡಲಾಯಿತು. ಕಿಣ್ವದ ಉತ್ಪಾದನೆ ಹಲವು ಪಟ್ಟು ಏರಿದಾಗ ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಪಿ2 ರೂಪದಲ್ಲಿ ಹೊರಗೆ ಬಂತು. ಸಾಗಣೆಯ ಯಂತ್ರಾಂಗವೆಲ್ಲ ಸರಿಯಾಗಿದ್ದರೂ, ಗುರುತು ಹಿಡಿಯುವ ಗ್ರಾಹಕಗಳ ಸಂಖ್ಯೆ ಸೀಮಿತವಾಗಿರುವುದರಿಂದ ಹೆಚ್ಚಾದದ್ದು ಹೊರಹಾದಿ ಹಿಡಿಯಿತು. ಗ್ರಾಹಕ ಪ್ರೊಟೀನು ಇನ್ನೂ ಕೈಗೆ ಸಿಗದಿದ್ದ ಕಾಲದಲ್ಲಿ, ಅಂಥದೊಂದು ಇದ್ದೇ ಇದೆ ಎಂದು ಹೇಳಲು ಈ ಒಂದು ಪ್ರಯೋಗ ಸಾಕಾಗಿತ್ತು. ಸೆಮಿನಾರಿನಲ್ಲಿ ಇದನ್ನು ತಪ್ಪದೆ ಹೇಳಿ. ಉಳಿದ ವಾದವೆಲ್ಲ ಇದರ ಮೇಲೆ ನಿಲ್ಲುತ್ತದೆ.

ಗುರುತು ಯಾವುದು? ಪ್ರೊಟೀನಿನ ಮುಂಭಾಗದ 24ರಿಂದ 27ನೆಯ ಸ್ಥಾನಗಳಲ್ಲಿರುವ ಗ್ಲುಟಮಿನ್, ಆರ್ಜಿನಿನ್, ಪ್ರೋಲಿನ್ ಮತ್ತು ಲ್ಯೂಸಿನ್ ಎಂಬ ನಾಲ್ಕು ಅಮೈನೊ ಆಮ್ಲಗಳು ಅದರ ತಿರುಳು. 24ನೆಯ ಗ್ಲುಟಮಿನ್ ಒಂದನ್ನು ಬದಲಿಸಿದರೂ ಸಿಪಿವೈ ಹೊರಗೆ ಹೋಗುತ್ತದೆ. ತದ್ವಿರುದ್ಧವಾಗಿ, ಸಿಪಿವೈಯ ಮೊದಲ 50 ಅಮೈನೊ ಆಮ್ಲಗಳನ್ನು ಮಾತ್ರ ತೆಗೆದು ಇನ್ವರ್ಟೇಸಿನ ಮುಂದಕ್ಕೆ ಜೋಡಿಸಿದರೆ, ಹೊರಗೆ ಹೋಗಬೇಕಾಗಿದ್ದ ಇನ್ವರ್ಟೇಸ್ ರಸದಾನಿಯನ್ನು ಸೇರುತ್ತದೆ. ಈ ಗುರುತು ಇರುವುದು ರಸದಾನಿಯಲ್ಲಿ ಕತ್ತರಿಸಿಹೋಗುವ ಮುಂಭಾಗದ ತುಂಡಿನಲ್ಲೇ. ತಲಪಿದ ಮೇಲೆ ಅದರ ಅಗತ್ಯ ಮುಗಿಯುತ್ತದೆ. ನಮ್ಮ ಕೋಶಗಳಲ್ಲಿ ರಸದಾನಿಗೆ ಸಮನಾದ ಲೈಸೋಸೋಮಿಗೆ ಹೋಗುವ ಹೆಚ್ಚಿನ ಕಿಣ್ವಗಳ ಮೇಲೆ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಗುರುತು ಇರುತ್ತದೆಂದು ನೀವು ಓದಿರುತ್ತೀರಿ. ಯೀಸ್ಟಿನಲ್ಲಿ ಹಾಗಲ್ಲ, ಇಲ್ಲಿ ಗುರುತು ಪ್ರೊಟೀನಿನ ಸರಪಳಿಯಲ್ಲೇ ಇದೆ; ಸಕ್ಕರೆ ಅಂಟದಂತೆ ತಡೆದರೂ ಸಿಪಿವೈ ರಸದಾನಿಗೆ ಹೋಗುತ್ತದೆ.

ಈ ಗುರುತನ್ನು ಹಿಡಿಯುವ ಗ್ರಾಹಕ ವಿಪಿಎಸ್10 ಎಂದು 1994ರಲ್ಲಿ ಸ್ಕಾಟ್ ಎಮ್ರ್ ಅವರ ತಂಡ ತೋರಿಸಿತು. ಅದು ಪೊರೆಯನ್ನು ಒಮ್ಮೆ ದಾಟುವ ದೊಡ್ಡ ಪ್ರೊಟೀನು. ದೊಡ್ಡ ಭಾಗ ಗಾಲ್ಗಿಯ ಒಳಗಿದ್ದು ಸಿಪಿವೈಯನ್ನು ಹಿಡಿಯುತ್ತದೆ, ಚಿಕ್ಕ ಬಾಲ ಹೊರಗೆ ಕೋಶದ್ರವ್ಯದ ಕಡೆ ಚಾಚಿರುತ್ತದೆ. ಗಾಲ್ಗಿಯಲ್ಲಿ ಕ್ಲಾಥ್ರಿನ್ ಹೊದಿಕೆಯ ಕಿರುಚೀಲಗಳಲ್ಲಿ ಸಿಪಿವೈಯೊಂದಿಗೆ ಹೊರಟ ವಿಪಿಎಸ್10, ಗಾಲ್ಗಿಗೂ ರಸದಾನಿಗೂ ನಡುವಿನ ನಿಲ್ದಾಣವಾದ ಎಂಡೋಸೋಮನ್ನು ತಲಪಿ ಅಲ್ಲಿ ಕಿಣ್ವವನ್ನು ಬಿಡುತ್ತದೆ. ಎಂಡೋಸೋಮು ಮುಂದೆ ರಸದಾನಿಯೊಡನೆ ಬೆಸೆದುಕೊಂಡಾಗ ಸಿಪಿವೈ ರಸದಾನಿಯೊಳಗೆ ಬೀಳುತ್ತದೆ. ವಿಪಿಎಸ್10 ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಎಂಡೋಸೋಮಿನಿಂದಲೇ ಅದು ಗಾಲ್ಗಿಗೆ ಹಿಂದಿರುಗುತ್ತದೆ.

ಆ ಹಿಂದಿರುಗುವಿಕೆಯನ್ನು ನಡೆಸುವ ಸಂಕೀರ್ಣಕ್ಕೆ 1998ರಲ್ಲಿ ರೆಟ್ರೋಮರ್ ಎಂದು ಹೆಸರಿಟ್ಟರು. ಅದರಲ್ಲಿ ಐದು ಪ್ರೊಟೀನುಗಳಿವೆ: ವಿಪಿಎಸ್35, ವಿಪಿಎಸ್29 ಮತ್ತು ವಿಪಿಎಸ್26 ಗ್ರಾಹಕದ ಬಾಲವನ್ನು ಗುರುತಿಸುವ ಮೂವರ ಗುಂಪು, ವಿಪಿಎಸ್5 ಮತ್ತು ವಿಪಿಎಸ್17 ಎಂಡೋಸೋಮಿನ ಪೊರೆಗೆ ಅಂಟಿಕೊಂಡು ಅದನ್ನು ಕೊಳವೆಯಂತೆ ಎಳೆದು ಬಾಗಿಸುವ ಜೋಡಿ. ವಿಪಿಎಸ್35 ಇಲ್ಲದ ತಳಿಯಲ್ಲಿ ನೀವು ಕಂಡ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಆ ಕೋಶದಲ್ಲಿ ಗಾಲ್ಗಿಯಿಂದ ಎಂಡೋಸೋಮಿಗೆ, ಅಲ್ಲಿಂದ ರಸದಾನಿಗೆ ಹೋಗುವ ಹಾದಿ ತೆರೆದೇ ಇದೆ. ಆದ್ದರಿಂದಲೇ ರಸದಾನಿ ಸರಿಯಾಗಿ ಕಾಣುತ್ತದೆ. ಆದರೆ ಒಮ್ಮೆ ಹೋದ ವಿಪಿಎಸ್10 ಹಿಂದೆ ಬರುವುದಿಲ್ಲ. ಅದು ರಸದಾನಿಯ ಪೊರೆಯವರೆಗೂ ಸಾಗಿ ಅಲ್ಲಿನ ಕಿಣ್ವಗಳ ಬಾಯಿಗೆ ಸಿಗುತ್ತದೆ. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಯಿಂದ ಡೇರಿಗೆ ಹೋದ ಕ್ಯಾನುಗಳು ಖಾಲಿಯಾಗಿ ವಾಪಸು ಬಾರದಿದ್ದರೆ, ರಸ್ತೆ, ಲಾರಿ, ಡೇರಿ ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಮರುದಿನದ ಹಾಲನ್ನು ಸುರಿಯಲು ಸೊಸೈಟಿಯಲ್ಲಿ ಪಾತ್ರೆಯೇ ಇರುವುದಿಲ್ಲ. ವಿಪಿಎಸ್35 ಇಲ್ಲದ ಗಾಲ್ಗಿಯ ಸ್ಥಿತಿ ಅದೇ. ಹೊಸದಾಗಿ ಬಂದ ಸಿಪಿವೈಯನ್ನು ಹಿಡಿಯಲು ಗ್ರಾಹಕವಿಲ್ಲ, ಕಿಣ್ವ ಹೊರಗೆ ಬೀಳುತ್ತದೆ.

ಈ ವಿಪಿಎಸ್35 ಬರೀ ಯೀಸ್ಟಿನ ವಿಷಯವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಸೆಮಿನಾರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಮನುಷ್ಯರ ವಿಪಿಎಸ್35 ಜೀನಿನಲ್ಲಿ ಒಂದೇ ಅಮೈನೊ ಆಮ್ಲದ ಬದಲಾವಣೆ, 620ನೆಯ ಸ್ಥಾನದ ಆಸ್ಪಾರ್ಟೇಟ್ ಹೋಗಿ ಆಸ್ಪರಜಿನ್ ಬರುವುದು, ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಕಾರಣವೆಂದು 2011ರಲ್ಲಿ ತಿಳಿದುಬಂತು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಮಲೆನಾಡಿನ ಭತ್ತದ ಗದ್ದೆಗಳಲ್ಲಿ ಮಳೆ, ಮಂಜು ಹೆಚ್ಚಾದಾಗ ಕಾಣುವ ಬೆಂಕಿ ರೋಗವಿದೆ. ಎಲೆಯ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದುಬಣ್ಣದ ಚುಕ್ಕೆಗಳನ್ನು ಮಾಡುವ ಆ ಶಿಲೀಂಧ್ರವು ಎಲೆಯ ಮೇಲ್ಮೈಯನ್ನು ಚುಚ್ಚಿ ಒಳಹೋಗಬೇಕಾದರೆ ತನ್ನ ಬೀಜಕದ ಒಳಸರಕನ್ನು ತಾನೇ ಜೀರ್ಣಿಸಿಕೊಂಡು ಮರುಬಳಸಬೇಕು; ಆ ಕೆಲಸಕ್ಕೆ ರೆಟ್ರೋಮರ್ ಅಗತ್ಯವೆಂದೂ, ವಿಪಿಎಸ್35 ಕಳೆದುಕೊಂಡ ಶಿಲೀಂಧ್ರಕ್ಕೆ ಭತ್ತಕ್ಕೆ ರೋಗ ಹರಡುವ ಶಕ್ತಿ ಹೋಗುತ್ತದೆಂದೂ 2015ರಲ್ಲಿ ಪ್ರಕಟವಾಗಿದೆ. ಈ ಜೀನಿನ ಕೆಲಸವೇನೆಂದು ಮೊದಲು ತಿಳಿದದ್ದು ಯೀಸ್ಟಿನಲ್ಲಿ ನಡೆದ ಹುಡುಕಾಟದಿಂದ.

ಇನ್ನು 40ರ ಲೆಕ್ಕ. ಅಷ್ಟು ಜೀನುಗಳು ಸಿಕ್ಕಿದ್ದು ಹುಡುಕಿದ ವಿಧಾನದ ಬಲದಿಂದ. ಎಮ್ರ್ ಅವರ ತಂಡ ಯೀಸ್ಟಿನ ಸ್ವಂತ ಇನ್ವರ್ಟೇಸ್ ಜೀನನ್ನು ತೆಗೆದುಹಾಕಿ, ಅದಕ್ಕೆ ಸಿಪಿವೈ ಮತ್ತು ಇನ್ವರ್ಟೇಸ್ ಬೆಸೆದ ಪ್ರೊಟೀನನ್ನು ಕೊಟ್ಟಿತು. ಇನ್ವರ್ಟೇಸ್ ರಸದಾನಿಯೊಳಗೆ ಇರುವವರೆಗೆ ಆ ಕೋಶ ಹೊರಗಿನ ಸುಕ್ರೋಸನ್ನು ಒಡೆಯಲಾರದು. ಸುಕ್ರೋಸ್ ಒಂದೇ ಇಂಗಾಲದ ಮೂಲವಾಗಿರುವ ತಟ್ಟೆಯ ಮೇಲೆ ಬೆಳೆಯಲಾರದು. ವಿಂಗಡಣೆ ಕೆಟ್ಟು ಕಿಣ್ವ ಹೊರಗೆ ಬಿದ್ದ ಕೋಶ ಮಾತ್ರ ಸಕ್ಕರೆ ಒಡೆದು ಬದುಕಿ ವಸಾಹತಾಗಿ ಮೇಲೇಳುತ್ತದೆ. ಲಕ್ಷಾಂತರ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿಲ್ಲ, ಬೇಕಾದದ್ದು ತಾನೇ ಎದ್ದು ಕಾಣುತ್ತದೆ. ಅದೇ ಹೊತ್ತಿಗೆ ಟಾಮ್ ಸ್ಟೀವನ್ಸ್ ಅವರ ತಂಡ ಬೇರೆ ಉಪಾಯದಿಂದ, ಹೊರಬಿದ್ದ ಸಿಪಿವೈ ಒಂದು ಸಣ್ಣ ಪೆಪ್ಟೈಡಿನಿಂದ ಲ್ಯೂಸಿನ್ ಬಿಡಿಸಿಕೊಟ್ಟರೆ ಮಾತ್ರ ಬೆಳೆಯಬಲ್ಲ ತಳಿಯನ್ನು ಬಳಸಿ, ಇದೇ ಬೇಟೆ ನಡೆಸಿತು. 1986ರಿಂದ ಎರಡೂ ತಂಡಗಳು ಬೇರೆ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಮ್ಯುಟೆಂಟುಗಳನ್ನು ಮುಂದೆ ಹೋಲಿಸಿ ನೋಡಿ, ವಿಪಿಎಸ್ ಎಂಬ ಒಂದೇ ಹೆಸರಿನಡಿ ತಂದರು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ರ್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೋವಿಕ್ 1980ರ ಹೊತ್ತಿಗೆ ಕಂಡುಹಿಡಿದ 23 ಸೆಕ್ ಜೀನುಗಳು ಹೊರಸಾಗಣೆಗೆ ಸೇರಿದವು. ಅವು ಪೂರ್ತಿ ಕೆಟ್ಟರೆ ಕೋಶ ಸಾಯುತ್ತದೆ, ಹಾಗಾಗಿ 37 ಡಿಗ್ರಿಯಲ್ಲಿ ಮಾತ್ರ ಕೆಡುವ ತಳಿಗಳನ್ನು ಹುಡುಕಬೇಕಾಯಿತು. ವಿಪಿಎಸ್ ಜೀನುಗಳ ಕಥೆ ಬೇರೆ. ಅವುಗಳಲ್ಲಿ ಬಹುತೇಕ ಯಾವುದನ್ನು ತೆಗೆದರೂ ಯೀಸ್ಟ್ ಬದುಕುತ್ತದೆ, ಕೆಲವು ನಿಧಾನವಾಗಿ ಬೆಳೆಯುತ್ತವೆ ಅಷ್ಟೆ. ಕೆಟ್ಟರೂ ಸಾಯದ ಹಾದಿಯಾದ್ದರಿಂದಲೇ ಅದರ ಪ್ರತಿಯೊಂದು ಭಾಗವನ್ನೂ ಬಿಚ್ಚಿ ನೋಡಲು ಸಾಧ್ಯವಾಯಿತು.

ಸಿಕ್ಕ ಮ್ಯುಟೆಂಟುಗಳನ್ನು ರಸದಾನಿಯ ಆಕಾರ ನೋಡಿ ಎ ಯಿಂದ ಎಫ್ ವರೆಗೆ ಆರು ವರ್ಗ ಮಾಡಿದ್ದಾರೆ. ಆರನ್ನೂ ಬಾಯಿಪಾಠ ಮಾಡುವುದಕ್ಕಿಂತ ಮೂರನ್ನು ಗ್ರಾಹಕದ ಚಕ್ರದ ಕಣ್ಣಿನಿಂದ ನೋಡುವುದು ಉಪಯುಕ್ತ. ಡಿ ವರ್ಗದಲ್ಲಿ ಗಾಲ್ಗಿಯಿಂದ ಬಂದ ಕಿರುಚೀಲಗಳು ಎಂಡೋಸೋಮಿನೊಡನೆ ಬೆಸೆಯಲಾರವು. ಅಲ್ಲಿ ಬೇಕಾದ ವಿಪಿಎಸ್21, ವಿಪಿಎಸ್45, ಪೆಪ್12 ಮುಂತಾದವು ಈ ವರ್ಗದವು. ವಿಪಿಎಸ್34 ಸಹ ಇಲ್ಲಿಯದೇ. ಅದು ಪೊರೆಯ ಒಂದು ಲಿಪಿಡಿಗೆ ಫಾಸ್ಫೇಟ್ ಜೋಡಿಸುವ ಕಿಣ್ವವೆಂದು 1993ರಲ್ಲಿ ಗೊತ್ತಾಯಿತು, ಮತ್ತು ಹಾಗೆ ಫಾಸ್ಫೇಟ್ ಪಡೆದ ಲಿಪಿಡನ್ನು ನೋಡಿಯೇ ರೆಟ್ರೋಮರಿನ ವಿಪಿಎಸ್5, ವಿಪಿಎಸ್17 ಸೇರಿದಂತೆ ಹಲವು ಪ್ರೊಟೀನುಗಳು ಎಂಡೋಸೋಮನ್ನು ಗುರುತಿಸುತ್ತವೆ. ಇ ವರ್ಗದಲ್ಲಿ ಎಂಡೋಸೋಮು ಉಬ್ಬಿ ಪದರಪದರವಾದ ವಿಚಿತ್ರ ಅಂಗವಾಗುತ್ತದೆ. ಎಂಡೋಸೋಮಿನ ಪೊರೆಯನ್ನು ಒಳಮುಖವಾಗಿ ಚಿವುಟಿ ಕಿರುಚೀಲ ಮಾಡುವ ಎಸ್ಕಾರ್ಟ್ ಸಂಕೀರ್ಣಗಳು ಇಲ್ಲಿಯವು, ಮತ್ತು ಅವು ಕೆಟ್ಟಾಗ ವಿಪಿಎಸ್10 ಆ ಉಬ್ಬಿದ ಅಂಗದಲ್ಲೇ ಸಿಕ್ಕಿಬೀಳುತ್ತದೆ. ಸಿ ವರ್ಗದಲ್ಲಂತೂ ಪೊರೆಗಳನ್ನು ಬೆಸೆಯುವ ಮೊದಲು ಹತ್ತಿರ ತಂದು ಹಿಡಿಯುವ ಸಂಕೀರ್ಣಗಳ ತಿರುಳೇ ಇಲ್ಲದ್ದರಿಂದ ಗುರುತಿಸಬಹುದಾದ ರಸದಾನಿಯೇ ಇರುವುದಿಲ್ಲ. ಕಾರಣಗಳು ಇಷ್ಟು ಬೇರೆಬೇರೆಯಾಗಿದ್ದರೂ ಗಾಲ್ಗಿಯಲ್ಲಿ ಖಾಲಿ ಗ್ರಾಹಕ ಸಿಗದೆ ಹೋಗುವುದು ಇವುಗಳಲ್ಲಿ ಹೆಚ್ಚಿನವಕ್ಕೆ ಸಾಮಾನ್ಯ. ಎಂದರೆ ಆ 40 ಜೀನುಗಳು ಸಿಪಿವೈ ಎಂಬ ಒಂದು ಕಿಣ್ವದ ಸೇವೆಗಾಗಿ ಇರುವವಲ್ಲ. ಅವು ಎಂಡೋಸೋಮಿನ ಇಡೀ ವ್ಯವಸ್ಥೆಯನ್ನು ನಡೆಸುತ್ತವೆ. ಆ ವ್ಯವಸ್ಥೆ ಎಲ್ಲಿ ಕೆಟ್ಟರೂ ಗ್ರಾಹಕದ ಚಕ್ರ ನಿಲ್ಲುತ್ತದೆ, ಸಿಪಿವೈ ಹೊರಗೆ ಕಾಣಿಸಿಕೊಂಡು ನಮಗೆ ಸುಳಿವು ಕೊಡುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ಗುರುತಿಲ್ಲದಿದ್ದರೆ ಹೊರಗೆ ಎಂಬ ನಿಯಮ ಕರಗಿದ ಪ್ರೊಟೀನುಗಳಿಗೆ ಮಾತ್ರ. ಗಾಲ್ಗಿಯ ಪೊರೆಯಲ್ಲಿ ನೆಲೆಸಬೇಕಾದ ಕೆಕ್ಸ್2ನಂಥ ಪ್ರೊಟೀನಿನ ಬಾಲದ ಗುರುತನ್ನು ಅಳಿಸಿದರೆ ಅದು ಹೊರಪೊರೆಗೆ ಹೋಗುವ ಬದಲು ರಸದಾನಿಯ ಪೊರೆಯನ್ನು ಸೇರುತ್ತದೆ. ವಿಪಿಎಸ್35 ಇಲ್ಲದಾಗ ವಿಪಿಎಸ್10 ರಸದಾನಿಯ ಪೊರೆಗೆ ಹೋಗಿ ನಿಲ್ಲುವುದೂ ಇದಕ್ಕೆ ಹೊಂದಿಕೊಂಡೇ ಇದೆ. ಎರಡನೆಯದು, ರಸದಾನಿಗೆ ಇನ್ನೊಂದು ಒಳದಾರಿಯಿದೆ. ಅಲ್ಕಲೈನ್ ಫಾಸ್ಫಟೇಸ್ ಎಂಬ ಪೊರೆಯ ಕಿಣ್ವ ಎಂಡೋಸೋಮನ್ನು ಮುಟ್ಟದೆ, ಎಪಿ-3 ಎಂಬ ಹೊದಿಕೆಯ ಸಂಕೀರ್ಣದ ನೆರವಿನಿಂದ ಗಾಲ್ಗಿಯಿಂದ ನೇರವಾಗಿ ರಸದಾನಿಗೆ ಹೋಗುತ್ತದೆಂದು 1997ರಲ್ಲಿ ಸ್ಪಷ್ಟವಾಯಿತು. ಎಂಡೋಸೋಮಿನ ಹಾದಿ ಕೆಟ್ಟ ತಳಿಯಲ್ಲೂ ಈ ಕಿಣ್ವ ಸರಿಯಾಗಿ ಪಕ್ವವಾಗುತ್ತದೆ.

ಈಗ ನಿಮ್ಮ ಸೆಮಿನಾರಿಗೆ ಬೇಕಾದ ಜೆಲ್ಲನ್ನು ಓದುವ ಬಗೆ. ಕೋಶಗಳಿಗೆ ವಿಕಿರಣಶೀಲ ಗಂಧಕದ ಮೆಥಿಯೊನಿನನ್ನು ಕೆಲವು ನಿಮಿಷ ಕೊಟ್ಟು, ಅನಂತರ ಸಾಮಾನ್ಯ ಮೆಥಿಯೊನಿನನ್ನು ಧಾರಾಳವಾಗಿ ಹಾಕಿ ಅರ್ಧ ಗಂಟೆ ಬಿಟ್ಟು, ಕೋಶದ ಒಳಗಿನದನ್ನೂ ಹೊರಗಿನದನ್ನೂ ಪ್ರತ್ಯೇಕಿಸಿ, ಸಿಪಿವೈಗೆ ಅಂಟುವ ಪ್ರತಿಕಾಯದಿಂದ ಎಳೆದು ಜೆಲ್ಲಿನ ಮೇಲೆ ಓಡಿಸಿರುತ್ತಾರೆ. ಆರೋಗ್ಯವಂತ ತಳಿಯಲ್ಲಿ ಆ ಹೊತ್ತಿಗೆ ಬಹುತೇಕ ಎಲ್ಲವೂ ಒಳಗಿನ ಭಾಗದಲ್ಲಿ, ಎಲ್ಲಕ್ಕಿಂತ ಕೆಳಗಿನ 61ರ ಪಟ್ಟಿಯಾಗಿ ಇರುತ್ತದೆ. ಸೆಕ್18 ತಳಿಯನ್ನು 37 ಡಿಗ್ರಿಯಲ್ಲಿ ಇಟ್ಟಿದ್ದರೆ ಒಳಗಿನ ಭಾಗದಲ್ಲಿ ಪಿ1 ನಿಂತಿರುತ್ತದೆ, ಏಕೆಂದರೆ ಅದು ಗಾಲ್ಗಿಗೇ ಬಂದಿಲ್ಲ. ವಿಪಿಎಸ್10 ಅಥವಾ ವಿಪಿಎಸ್35 ಇಲ್ಲದ ತಳಿಯಲ್ಲಿ ಪಿ2 ಹೊರಗಿನ ಭಾಗದಲ್ಲಿ ಕಾಣುತ್ತದೆ. ಪಿ2 ಒಳಗೇ ಉಳಿದಿದ್ದರೆ ಎರಡು ಸಾಧ್ಯತೆಗಳಿವೆ, ಮತ್ತು ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ: ಪ್ರೊಟೀನೇಸ್ ಎ ಇಲ್ಲದ ಪೆಪ್4 ತಳಿಯಲ್ಲಿ ಸಿಪಿವೈ ರಸದಾನಿಯನ್ನು ಸೇರಿದೆ, ಕತ್ತರಿಸುವವರಿಲ್ಲ; ರಸದಾನಿಯ ಪೊರೆಯೊಡನೆ ಬೆಸೆಯಲು ಬೇಕಾದ ವ್ಯಾಮ್3 ಕೆಟ್ಟ ತಳಿಯಲ್ಲಿ ಕೊನೆಯ ಬೆಸುಗೆಯಾಗದೆ ಅದು ರಸದಾನಿಯ ಹೊರಗೇ ಕಾಯುತ್ತಿದೆ. ದಾರಿ ಕೆಟ್ಟರೆ ಪ್ರೊಟೀನು ದಾರಿಯಲ್ಲೇ ನಿಲ್ಲಬೇಕೆಂದು ನೀವು ಊಹಿಸಿದ್ದಿರಲ್ಲ, ಅದು ನಿಜವಾಗುವುದು ಈ ವ್ಯಾಮ್3 ತಳಿಯಲ್ಲಿ. ವಿಂಗಡಣೆಯ ಕವಲನ್ನು ದಾಟಿದ ಮೇಲೆ ತಡೆ ಬಿದ್ದರೆ ಪ್ರೊಟೀನು ಒಳಗೇ ನಿಲ್ಲುತ್ತದೆ. ಕವಲಿನಲ್ಲೇ ಗ್ರಾಹಕವಿಲ್ಲದಿದ್ದರೆ ಹೊರಗೆ ಹೋಗುತ್ತದೆ.

ವಿಕಿರಣಶೀಲ ವಸ್ತು ಬಳಸುವ ಅನುಕೂಲ ಇಲ್ಲದಿದ್ದರೆ ಸುಕ್ರೋಸ್ ತಟ್ಟೆಯ ಪ್ರಯೋಗ ಮಾಡಬಹುದು, ಅದಕ್ಕೆ ಬೇಕಾದ ತಳಿಗಳು ನಿಮ್ಮ ಮಾರ್ಗದರ್ಶಕರ ಮೂಲಕ ಸಿಕ್ಕಿದರೆ. ಆದರೆ ಸುಕ್ರೋಸನ್ನು ಆಟೋಕ್ಲೇವಿನಲ್ಲಿ ಬೇಯಿಸಬೇಡಿ, ಅದರಲ್ಲಿ ಸ್ವಲ್ಪ ಭಾಗ ಒಡೆದು ಗ್ಲೂಕೋಸ್ ಆಗಿ ಎಲ್ಲ ಕೋಶಗಳೂ ತುಸು ಬೆಳೆದುಬಿಡುತ್ತವೆ. ಫಿಲ್ಟರ್ ಮೂಲಕ ಶುದ್ಧೀಕರಿಸಿ ಸೇರಿಸಿ. ನಮ್ಮ ಕಡೆಯ ಜೂನ್, ಜುಲೈ ತಿಂಗಳ ತೇವದಲ್ಲಿ ತಟ್ಟೆಯ ಮೇಲೆ ಬೂಷ್ಟು ಬಂದರೆ ಆ ತಟ್ಟೆಯನ್ನು ಪೂರ್ತಿ ಬಿಟ್ಟುಬಿಡಿ, ಬೂಷ್ಟಿನ ಸ್ವಂತ ಇನ್ವರ್ಟೇಸ್ ಸಕ್ಕರೆಯನ್ನು ಒಡೆದು ಅಕ್ಕಪಕ್ಕದ ಯೀಸ್ಟಿಗೂ ಉಣಿಸುತ್ತದೆ. ಹಾಗೆಯೇ ವಸಾಹತುಗಳನ್ನು ದೂರ ದೂರ ಹಚ್ಚಿ, ಏಕೆಂದರೆ ಕಿಣ್ವ ಹೊರಹಾಕುವ ಮ್ಯುಟೆಂಟ್ ಕೂಡ ತನ್ನ ನೆರೆಯ ಆರೋಗ್ಯವಂತ ತಳಿಗೆ ಅದೇ ಉಪಕಾರ ಮಾಡುತ್ತದೆ. ಸೆಮಿನಾರಿನ ಚಿತ್ರಗಳಲ್ಲಿ ವಿಪಿಎಸ್35 ತಳಿಯ ಸಿಪಿವೈ ಜೆಲ್ಲಿನ ಕೆಳಗೇ ಅದೇ ತಳಿಯ ಅಲ್ಕಲೈನ್ ಫಾಸ್ಫಟೇಸಿನ ಜೆಲ್ಲನ್ನೂ ಇಡಿ. ಮೇಲಿನದರಲ್ಲಿ ಪಿ2 ಹೊರಗೆ ಬಿದ್ದಿರುವುದು, ಕೆಳಗಿನದರಲ್ಲಿ ಕಿಣ್ವ ಪಕ್ವವಾಗಿ ರಸದಾನಿ ಸೇರಿರುವುದು ಒಟ್ಟಿಗೆ ಕಂಡರೆ, ಆ ಕೋಶದಲ್ಲಿ ಕೆಟ್ಟಿರುವುದು ರಸದಾನಿಯಲ್ಲ ಎಂಬುದಕ್ಕೆ ಬೇರೆ ಪುರಾವೆ ಕೊಡಬೇಕಾಗುವುದಿಲ್ಲ.